ಚಾರ್ಜ್ ಉಂಟು, ಪಾರ್ಟ್ ಇಲ್ಲ

ಎಲೆಕ್ಟ್ರಿಕ್ ಬೈಕ್ ತೆಗೆಯಬಹುದಾ ಎಂದು ಕೇಳುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ. ಹಸಿರು ನಂಬರ್ ಪ್ಲೇಟ್ ಕಂಡರೆ ಸಾಕು, ಪ್ರಶ್ನೆ ಶುರು. ಮೈಲೇಜ್ ಎಷ್ಟು ಬರ್ತದೆ? ಮಳೆಗೆ ಶಾಕ್ ಹೊಡೆಯೂದಿಲ್ವಾ? ಬ್ಯಾಟರಿ ಹೋದ್ರೆ ಎಷ್ಟು ಖರ್ಚು? ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಇದರ ಪಾರ್ಟ್ ಎಲ್ಲಿ ಸಿಗ್ತದೆ? ಈ ಬರಹ ಆ ಒಂದು ಪ್ರಶ್ನೆಯ ಬಗ್ಗೆ.

ನಾವು ಎಂದರೆ ಇಲ್ಲಿ ಮೂವರು. ಮೂವರೂ ಉಡುಪಿ ಜಿಲ್ಲೆಯಲ್ಲಿ ಬೇರೆ ಬೇರೆ ಪತ್ರಿಕೆಗಳಿಗೆ ಸುದ್ದಿ ಕಳಿಸುವ ಸ್ಟ್ರಿಂಗರ್‌ಗಳು. ಒಬ್ಬ ಕಾರ್ಕಳದವನು, ಒಬ್ಬ ಕಾಪುವಿನವನು, ಇದನ್ನು ಬರೆಯುತ್ತಿರುವುದು ಉಡುಪಿ-ಮಣಿಪಾಲದ ಕಡೆಯಿಂದ. ಸುದ್ದಿಯಲ್ಲಿ ಪೈಪೋಟಿ ಇದ್ದರೂ ಫೋಟೋ, ಚಹಾ, ಸಾಲ ಮೂರನ್ನೂ ಹಂಚಿಕೊಳ್ಳುತ್ತೇವೆ. ಮೂವರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಎಲೆಕ್ಟ್ರಿಕ್ ಗಾಡಿ ತೆಗೆದೆವು, ಮೂರೂ ಬೇರೆ ಬೇರೆ ಕಂಪೆನಿಯವು. ಯಾವ ಕಂಪೆನಿ, ಯಾವ ಶೋರೂಮ್ ಎಂದು ಇಲ್ಲಿ ಹೇಳುವುದಿಲ್ಲ. ಮೂರು ಕಂಪೆನಿಗಳಿಂದಲೂ ಒಂದೇ ಕತೆ ಕೇಳಿದ ಮೇಲೆ ಹೆಸರಿಗಿಂತ ಕತೆಯೇ ಮುಖ್ಯ ಅನ್ನಿಸಿತು.

ತೆಗೆದದ್ದು 2023ರ ಮೇ ಕೊನೆಯಲ್ಲಿ. ಕೇಂದ್ರದ ಫೇಮ್-2 ಯೋಜನೆಯಲ್ಲಿ ದ್ವಿಚಕ್ರ ವಾಹನಕ್ಕೆ ಬ್ಯಾಟರಿಯ ಪ್ರತಿ ಕಿಲೋವಾಟ್ ಅವರ್‌ಗೆ ರೂ. 15,000 ಸಬ್ಸಿಡಿ ಇತ್ತು. ಜೂನ್ 1ರಿಂದ ಅದು ರೂ. 10,000ಕ್ಕೆ ಇಳಿಯುವುದಿತ್ತು, ವಾಹನದ ಬೆಲೆಯ ಶೇ. 40ರ ವರೆಗೆ ಇದ್ದ ಮಿತಿ ಶೇ. 15ಕ್ಕೆ. ಶೋರೂಮುಗಳಲ್ಲಿ ಜಾತ್ರೆ. ಪೆಟ್ರೋಲ್ ಲೀಟರಿಗೆ ನೂರು ದಾಟಿ ಕೂತಿತ್ತು. ನಮ್ಮ ಓಡಾಟದ ಖರ್ಚನ್ನು ಪತ್ರಿಕೆ ಕೊಡುವುದಿಲ್ಲ ಎಂಬುದು ಓದುವ ನಿಮಗೆಲ್ಲ ಗೊತ್ತಿರುವುದೇ. ದಿನಕ್ಕೆ 70-80 ಕಿ.ಮೀ. ಅಂದರೆ ರೂ. 150ರ ಪೆಟ್ರೋಲ್. ಅದೇ ದೂರಕ್ಕೆ ಕರೆಂಟು ಮೂರು ಯೂನಿಟ್ ಸಾಕು. ಲೆಕ್ಕ ಸರಿಯಾಗಿಯೇ ಇತ್ತು, ಈಗಲೂ ಸರಿಯಾಗಿಯೇ ಉಂಟು. ಕಲ್ಸಂಕದಿಂದ ಮಣಿಪಾಲದ ಏರನ್ನು ಗಾಡಿ ಉಸಿರು ಬಿಡದೆ ಹತ್ತುತ್ತದೆ. ಇಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕ್ಲಚ್ ಇಲ್ಲ. ಓಡುವಷ್ಟು ದಿನ ಅದರ ಮೇಲೆ ದೂರು ಹೇಳುವಂತಿಲ್ಲ. ತೊಂದರೆ ಶುರುವಾಗುವುದು ಅದು ನಿಂತ ದಿನ.

ಉಡುಪಿಯ ನಮ್ಮ ಗಾಡಿ ನಿಂತದ್ದು 2024ರ ಜುಲೈನಲ್ಲಿ, ಪರ್ಕಳದ ಹತ್ತಿರ. ಹಿರಿಯಡ್ಕ ಕಡೆಯ ಮಳೆಹಾನಿಯ ಫೋಟೋ ತೆಗೆದು ಬರುತ್ತಿದ್ದೆವು. ಡಿಸ್‌ಪ್ಲೇಯಲ್ಲಿ ಒಂದು ಕೆಂಪು ಗುರುತು, ಪಕ್ಕದಲ್ಲಿ ಒಂದು ಸಂಖ್ಯೆ, ಮೋಟಾರು ಬಂದ್. ಬ್ಯಾಟರಿಯಲ್ಲಿ ಶೇ. 62 ಚಾರ್ಜ್ ಇತ್ತು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಛತ್ರಿ ಹಿಡಿದು ಬಂದರು, ಸೀಟು ಎತ್ತಿ ನೋಡಿದರು. ಒಳಗೆ ಸೀಲ್ ಮಾಡಿದ ಪೆಟ್ಟಿಗೆ, ದಪ್ಪ ಕೇಬಲ್. 'ಇದ್ರಲ್ಲಿ ಕೈ ಹಾಕ್ಲಿಕ್ಕೆ ಎಂತದ್ದೂ ಇಲ್ಲ ಮಾರಾಯ್ರೆ' ಎಂದು ಸೀಟು ಮುಚ್ಚಿದರು. ಇಪ್ಪತ್ತು ವರ್ಷ ಗಾಡಿ ರಿಪೇರಿ ಮಾಡಿದವರು.

ಗೂಡ್ಸ್ ಟೆಂಪೋದಲ್ಲಿ ಹಾಕಿ ಶೋರೂಮಿಗೆ ತಂದೆವು. ಗಾಡಿಗೆ ಏನಾಗಿದೆ ಎಂದು ನೋಡಬೇಕಾದರೆ ಲ್ಯಾಪ್‌ಟಾಪ್ ಸಿಕ್ಕಿಸಬೇಕು. ಲ್ಯಾಪ್‌ಟಾಪ್ ಇರುವ ಹುಡುಗ ಮಂಗಳೂರಿಗೆ ಹೋಗಿದ್ದ. ಎರಡು ಜಿಲ್ಲೆಗೆ ಒಂದು ಲ್ಯಾಪ್‌ಟಾಪ್, ಒಬ್ಬ ಹುಡುಗ. ನಾಲ್ಕನೇ ದಿನ ಅವನು ಬಂದು ಕಂಟ್ರೋಲರ್ ಹೋಗಿದೆ ಎಂದ. ಬ್ಯಾಟರಿಯ ಕರೆಂಟನ್ನು ಅಳೆದು ಮೋಟಾರಿಗೆ ಕೊಡುವ ಪೆಟ್ಟಿಗೆ ಅದು. ವಾರಂಟಿ ಉಂಟು, ದುಡ್ಡು ಬೇಡ, ಬೆಂಗಳೂರಿನಿಂದ ಬರಬೇಕು ಎಂದರು. 'ಟಿಕೆಟ್ ರೈಸ್ ಮಾಡಿದ್ದೇವೆ' ಎಂಬ ವಾಕ್ಯ ಅಂದು ಮೊದಲ ಸಲ ಕೇಳಿದ್ದು. ಆಮೇಲೆ ಅದನ್ನು ಎಷ್ಟು ಸಲ ಕೇಳಿದೆವೋ ಲೆಕ್ಕ ಇಲ್ಲ.

ಮಲ್ಪೆಯಲ್ಲಿ ಸಂಜೆ ಐಸ್ ಹಾಕಿ ಕಳಿಸಿದ ಮೀನು ಬೆಳಗಾಗುವಾಗ ಬೆಂಗಳೂರು ಮುಟ್ಟುತ್ತದೆ. ಅಲ್ಲಿಂದ ಇಲ್ಲಿಗೆ ಒಂದು ಕಂಟ್ರೋಲರ್ ಬರಲು 29 ದಿನ ಬೇಕಾಯಿತು. ಬಂದದ್ದು ಹಳೆಯ ಮಾದರಿಯದ್ದು, ನಮ್ಮ ಗಾಡಿಗೆ ಕೂರುವುದಿಲ್ಲ. ಅದನ್ನು ವಾಪಸ್ ಕಳಿಸಿ, ಇನ್ನೊಂದು ತರಿಸಿ, ಅದನ್ನು ಕೂರಿಸಿದರೂ ಗಾಡಿ ಏಳಲಿಲ್ಲ. ಹೊಸ ಕಂಟ್ರೋಲರಿನ ನಂಬರನ್ನು ಗಾಡಿಯ ನಂಬರಿಗೆ ಕಂಪೆನಿಯ ಸರ್ವರಿನಲ್ಲಿ ಜೋಡಿಸಬೇಕು. ಆ ಒಪ್ಪಿಗೆಗೆ ಮತ್ತೆ ಐದು ದಿನ. ಒಟ್ಟು 47 ದಿನ.

ಆ 47 ದಿನ ಬಸ್ಸಿನಲ್ಲಿ ಓಡಾಡಿದೆವು. ಉಡುಪಿಯಲ್ಲಿ ಖಾಸಗಿ ಬಸ್ಸಿಗೆ ಬರ ಇಲ್ಲ, ನಿಜ. ಆದರೆ ಸುದ್ದಿ ಬಸ್ಸಿನ ಟೈಮ್ ನೋಡಿ ಆಗುವುದಿಲ್ಲ. ಮರ ಬಿದ್ದದ್ದು, ಕಡಲ್ಕೊರೆತ, ರಾತ್ರಿಯ ಅಪಘಾತ, ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಮುಟ್ಟಲಾಗಲಿಲ್ಲ. ಕಾಪುವಿನ ಆಟಿ ಮಾರಿಪೂಜೆಗೆ ಬೇರೆಯವರ ಫೋಟೋ ಕೇಳಿ ಹಾಕಿದೆವು. ನಮಗೆ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಸಂಭಾವನೆ. ಆ ಎರಡು ತಿಂಗಳ ಸಂಭಾವನೆ ಅದಕ್ಕಿಂತ ಹಿಂದಿನ ಎರಡು ತಿಂಗಳಿನ ಅರ್ಧಕ್ಕೆ ಇಳಿಯಿತು. ಬೈಕಿನ ಕಂತು ಮಾತ್ರ 5ನೇ ತಾರೀಖಿಗೆ ಸರಿಯಾಗಿ ಕಡಿದುಹೋಯಿತು, ಎರಡೂ ತಿಂಗಳು. ಪಾರ್ಟ್ ವಾರಂಟಿಯಲ್ಲಿ ಪುಕ್ಕಟೆ ಎಂದು ಬಿಲ್ಲಿನಲ್ಲಿ ಸೊನ್ನೆ ಬರೆದಿದ್ದರು.

ಕಾರ್ಕಳದ ಗೆಳೆಯನದು ಇನ್ನೂ ಚಿಕ್ಕ ವಿಷಯ. ಅವನು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಆಮೇಲೆ ಸುದ್ದಿಗೆ ಹೊರಡುವವನು. ಒಂದು ದಿನ ಗಾಡಿ ಆನ್ ಆಯಿತು, ಮುಂದೆ ಹೋಗಲಿಲ್ಲ. ಸೈಡ್ ಸ್ಟ್ಯಾಂಡ್ ಎತ್ತಿದ್ದರೂ ಸ್ಟ್ಯಾಂಡ್ ಇಳಿದಿದೆ ಎಂದೇ ಡಿಸ್‌ಪ್ಲೇ ತೋರಿಸುತ್ತಿತ್ತು. ಸ್ಟ್ಯಾಂಡ್ ಇಳಿದಿದ್ದರೆ ಮೋಟಾರು ತಿರುಗಬಾರದು ಎಂಬುದು ಸುರಕ್ಷತೆಗೆ ಇಟ್ಟ ಒಳ್ಳೆಯ ವ್ಯವಸ್ಥೆಯೇ. ಆದರೆ ಅದರ ಸೆನ್ಸರ್ ಕೆಟ್ಟರೆ? ಕಾರ್ಕಳದಲ್ಲಿ ಆ ಕಂಪೆನಿಯ ಸರ್ವಿಸ್ ಇಲ್ಲ. ಉಡುಪಿಗೆ ಸುಮಾರು 38 ಕಿ.ಮೀ., ಟೆಂಪೋ ಬಾಡಿಗೆ ಅವನ ಕೈಯಿಂದ. ಅಲ್ಲಿ ಹೇಳಿದ್ದು, ಸೆನ್ಸರ್ ಬಿಡಿಯಾಗಿ ಬರುವುದಿಲ್ಲ, ವೈರಿಂಗ್ ಸೆಟ್ ಪೂರ್ತಿ ತರಿಸಬೇಕು, ಯಾವಾಗ ಬರುತ್ತದೆ ಹೇಳಲಿಕ್ಕಾಗದು.

ಮೂರು ವಾರ ಕಾದ. ಆಮೇಲೆ ಗಾಡಿ ವಾಪಸ್ ತಂದು ಊರಿನ ಮೆಕ್ಯಾನಿಕ್‌ಗೆ ತೋರಿಸಿದ. ಆತ ಸೆನ್ಸರಿನ ವೈರ್ ಹಿಡಿದುಕೊಂಡು ಹೋಗಿ ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು. ಬ್ರಶ್ಶಿನಿಂದ, ಸ್ವಲ್ಪ ಪೆಟ್ರೋಲಿನಿಂದ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿ ಕೂರಿಸಿದ. ಗಾಡಿ ಹೊರಟಿತು. ಕೂಲಿ ರೂ. 150. ಆ ಗಾಡಿಗೆ ಪೆಟ್ರೋಲ್ ಬಿದ್ದದ್ದು ಅದೇ ಮೊದಲು ಎಂದು ನಾವು ನಕ್ಕೆವು. ನಗು ಮುಂದಿನ ಸರ್ವಿಸಿನ ವರೆಗೆ. ಜಾಬ್ ಕಾರ್ಡಿನಲ್ಲಿ 'ಹೊರಗಿನವರು ಕೈ ಹಾಕಿದ್ದಾರೆ' ಎಂದು ಬರೆದು, ವೈರಿಂಗಿಗೆ ಇನ್ನು ವಾರಂಟಿ ಇಲ್ಲ ಎಂದರು. ಮೂರು ವಾರ ಕೈ ಹಾಕದವರು ಯಾರು ಎಂದು ಜಾಬ್ ಕಾರ್ಡಿನಲ್ಲಿ ಬರೆಯಲು ಜಾಗ ಇರಲಿಲ್ಲ.

ಕಾಪುವಿನದು ಮೂರರಲ್ಲಿ ಕೆಟ್ಟದ್ದು. ಗೆಳೆಯನ ಮನೆ ಕಡಲಿಗೆ ಹತ್ತಿರ. ಉಪ್ಪು ಗಾಳಿಗೆ ಅಲ್ಲಿ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತದೆ. ಮಳೆಗಾಲ ಶುರುವಾಗುವ ಮೊದಲಿನ ಗುಡುಗು ಸಿಡಿಲಿಗೆ ಒಂದು ರಾತ್ರಿ ಚಾರ್ಜರ್ ಸುಟ್ಟುಹೋಯಿತು. ಅವನ ತಾಲೂಕಿನ ಎಲ್ಲೂರಿನಲ್ಲೇ 1,200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಉಂಟು. ಅವನ ಬ್ಯಾಟರಿಗೆ ಮಾತ್ರ ಕರೆಂಟು ಹೋಗುವ ದಾರಿ ಇಲ್ಲದಾಯಿತು. ಗಾಡಿ ಮಾರಿದ ಶೋರೂಮಿಗೆ ಹೋದರೆ ಶಟರ್ ಎಳೆದಿತ್ತು. ಕೆಲವು ವಾರದಲ್ಲಿ ಅಲ್ಲಿ ಹಾಸಿಗೆ ಅಂಗಡಿ ಬಂತು. ಕಂಪೆನಿಯ ಸಹಾಯವಾಣಿಯವರು ಮಂಗಳೂರಿಗೆ ಹೋಗಿ ಎಂದರು. ಮಂಗಳೂರಿನವರು ಇದು ನಾವು ಮಾರಿದ ಗಾಡಿ ಅಲ್ಲ ಎಂದರು. ಕೊನೆಗೆ ದುಡ್ಡು ಮುಂಗಡ ಕೊಟ್ಟರೆ ಚಾರ್ಜರ್ ತರಿಸುತ್ತೇವೆ ಎಂದರು. ಬೇರೆ ಕಂಪೆನಿಯ ಚಾರ್ಜರ್ ಹಾಕಿ ನೋಡಿದರೆ ಬ್ಯಾಟರಿ ಅದನ್ನು ಗುರುತಿಸಲೇ ಇಲ್ಲ. ಚಾರ್ಜರೂ ಬ್ಯಾಟರಿಯೂ ತಮ್ಮೊಳಗೆ ಗುರುತು ಹೇಳಿಕೊಂಡ ಮೇಲೆಯೇ ಕರೆಂಟು ಹರಿಯುವುದು.

ಐದನೇ ತಿಂಗಳು ಚಾರ್ಜರ್ ಬಂತು. ಅಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ಲಿಥಿಯಂ ಬ್ಯಾಟರಿಯನ್ನು ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿಟ್ಟರೆ ತನ್ನಷ್ಟಕ್ಕೆ ಇಳಿಯುತ್ತಾ ಹೋಗುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಒಳಗಿನ ನಿಯಂತ್ರಣ ವ್ಯವಸ್ಥೆ ಮತ್ತೆ ಚಾರ್ಜ್ ಆಗಲು ಬಿಡುವುದಿಲ್ಲ, ಬೆಂಕಿಯ ಭಯಕ್ಕೆ. 'ಗ್ರಾಹಕರು ಹೆಚ್ಚು ಕಾಲ ಚಾರ್ಜ್ ಮಾಡದೆ ಬಿಟ್ಟ ಕಾರಣ ವಾರಂಟಿ ಅನ್ವಯಿಸುವುದಿಲ್ಲ' ಎಂದು ಉತ್ತರ ಬಂತು. ಚಾರ್ಜರ್ ಕೊಡದವರೇ ಬರೆದ ಉತ್ತರ ಅದು. ಹೊಸ ಬ್ಯಾಟರಿಯ ಬೆಲೆ ಗಾಡಿಯ ಅರ್ಧ ಬೆಲೆಗೆ ಹತ್ತಿರ. ಗಾಡಿ ಈಗ ಮನೆಯ ಹಿಂದೆ ಟಾರ್ಪಾಲಿನಡಿ ಉಂಟು, ಕೋಳಿಗಳು ಕೂರುತ್ತವೆ. ಕಂತು ಇನ್ನೂ ಒಂದು ವರ್ಷ ಬಾಕಿ.

ಇದನ್ನೆಲ್ಲ ಶೋರೂಮಿನ ಹುಡುಗರ ತಲೆಗೆ ಕಟ್ಟುವುದು ಸುಲಭ. ಆದರೆ ಅವರ ಹತ್ತಿರ ಕೂತು ಮಾತಾಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 'ಅಣ್ಣಾ, ಬೈಗುಳ ತಿನ್ನುವುದು ನಾವು, ಪಾರ್ಟ್ ಇಟ್ಟುಕೊಂಡವರು ಅವರು' ಎಂದ ಒಬ್ಬ. ಪೆಟ್ರೋಲ್ ಗಾಡಿಯಲ್ಲಿ ಡೀಲರಿಗೆ ಗಾಡಿ ಮಾರಿದ್ದಕ್ಕಿಂತ ಆಮೇಲಿನ ಆಯಿಲ್, ಫಿಲ್ಟರ್, ಚೈನ್‌ಗಳಲ್ಲಿ ವರ್ಷವಿಡೀ ಆದಾಯ. ಎಲೆಕ್ಟ್ರಿಕ್ ಗಾಡಿಯಲ್ಲಿ ಆ ಆದಾಯ ಇಲ್ಲ. ಹಾಗಾಗಿ ಸರ್ವಿಸಿಗೆ ಜನ ಇಡುವುದಿಲ್ಲ. ಪಾರ್ಟ್ ತಂದಿಡಬೇಕಾದರೆ ಡೀಲರ್ ಮೊದಲೇ ದುಡ್ಡು ಕಟ್ಟಬೇಕು. ಕಂಪೆನಿ ಪದೇ ಪದೇ ಮಾದರಿ ಬದಲಿಸುತ್ತದೆ, ತಂದಿಟ್ಟದ್ದು ಗುಜರಿ. ಹಾಗಾಗಿ ಯಾರೂ ತಂದಿಡುವುದಿಲ್ಲ. ಕೆಟ್ಟ ಮೇಲೆ ತರಿಸುವುದು ಪದ್ಧತಿಯಾಗಿದೆ. ಇನ್ನು ಪಾರ್ಟ್ ಸಿಕ್ಕಿದರೂ ಸಾಫ್ಟ್‌ವೇರಿನ ಬೀಗದ ಕೈ ಕಂಪೆನಿಯದ್ದು. ಬಿಡಿಭಾಗದ ಅಂಗಡಿ, ಲೇತ್, ವೆಲ್ಡಿಂಗ್, ರಸ್ತೆಬದಿಯ ಗ್ಯಾರೇಜು ಸೇರಿ ತಾಲೂಕು ಕೇಂದ್ರಗಳಲ್ಲಿ ಎಪ್ಪತ್ತು ಎಂಬತ್ತು ವರ್ಷದಿಂದ ಬೆಳೆದು ಬಂದ ರಿಪೇರಿಯ ಲೋಕ ಒಂದುಂಟು. ನಮ್ಮ ಗಾಡಿಗಳು ಆ ಲೋಕದ ಹೊರಗೆ ಹುಟ್ಟಿದವು.

ಹೊರಗೇ ಇರಬೇಕು ಎಂದು ಕಾನೂನೇನೂ ಹೇಳುವುದಿಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು ರೂ. 2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಕಾರಣ ಇದೇ: ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಮ್ಮಲ್ಲೇ ಇಟ್ಟುಕೊಂಡದ್ದು. ಕಂಪೆನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಆದರೆ ತತ್ವ ಹತ್ತು ವರ್ಷದ ಹಿಂದೆಯೇ ಬರೆದಿಟ್ಟದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ, ಕಾರು ಕಂಪೆನಿಯವರು ತಮ್ಮ ಡೀಲರಿಗೆ ಕೊಡುವ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕು ಎಂದರು. ನಮ್ಮ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕು' ಎಂದು ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಪೋರ್ಟಲಿನಲ್ಲಿ ಮಾಹಿತಿ ಹಾಕುವುದು ಬೇರೆ, ಪರ್ಕಳದ ಮೆಕ್ಯಾನಿಕ್ ಕೈಗೆ ಕೀ ಕೊಡುವುದು ಬೇರೆ.

ಈ ಸಿಟ್ಟು ನಮ್ಮ ಜಿಲ್ಲೆಯದ್ದು ಮಾತ್ರ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಓಲಾ ಎಲೆಕ್ಟ್ರಿಕ್ ಶೋರೂಮಿಗೆ ಯುವಕನೊಬ್ಬ ಬೆಂಕಿ ಹಚ್ಚಿದ ಸುದ್ದಿ ನೆನಪಿರಬಹುದು. ಗಾಡಿ ತೆಗೆದು ತಿಂಗಳಾಗಿರಲಿಲ್ಲ, ರಿಪೇರಿಗೆ ಅಲೆದು ರೋಸಿಹೋಗಿದ್ದ ಎಂಬುದು ಪೊಲೀಸರ ವಿವರಣೆ. ಆತ ವೃತ್ತಿಯಿಂದ ಮೆಕ್ಯಾನಿಕ್. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಬೇರೆಯವರ ಗಾಡಿ ರಿಪೇರಿ ಮಾಡಿ ಬದುಕುವವನು ಸ್ವಂತ ಗಾಡಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು ಎಂಬುದು ನಮ್ಮನ್ನು ಬಹಳ ದಿನ ಕಾಡಿತು. ಮುಂದಿನ ತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದೇ ಕಂಪೆನಿಗೆ ನೋಟಿಸ್ ಕೊಟ್ಟಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದ ದೂರುಗಳು 10,644. ಶೇ. 99.1ರಷ್ಟು ಪರಿಹರಿಸಿದ್ದೇವೆ ಎಂದು ಕಂಪೆನಿ ಉತ್ತರಿಸಿತು.

ಆ ವಾರ ನಾವು ಮೂವರೂ ಸೇರಿ ಜಿಲ್ಲೆಯ ಒಂದು ವರದಿ ಮಾಡಿದೆವು. ಹನ್ನೊಂದು ಮಂದಿ ಗಾಡಿ ಮಾಲಕರನ್ನು ಮಾತಾಡಿಸಿದೆವು, ಜಾಬ್ ಕಾರ್ಡುಗಳ ಫೋಟೋ ತೆಗೆದೆವು, ಡೀಲರ್‌ಗಳ ಮಾತನ್ನೂ ಹಾಕಿದೆವು. ಮೂರು ಪತ್ರಿಕೆಗೂ ಕಳಿಸಿದೆವು. ಒಂದರಲ್ಲಿ 'ಜಾಗ ಇಲ್ಲ'. ಇನ್ನೊಂದರಲ್ಲಿ 'ದಸರಾ ಆಗಲಿ'. ಮೂರನೆಯದರಲ್ಲಿ ಬಂತು, ನಾಲ್ಕು ಸಾಲು, 'ಎಲೆಕ್ಟ್ರಿಕ್ ವಾಹನ ಬಳಕೆದಾರರಿಗೆ ಮಾಹಿತಿ ಕೊರತೆ' ಎಂಬ ತಲೆಬರಹದಲ್ಲಿ. ಅದೇ ದಿನ ಪುಟ 3ರಲ್ಲಿ ದಸರಾ ಆಫರಿನ ಅರ್ಧ ಪುಟದ ಜಾಹೀರಾತು, ಹಸಿರು ನಂಬರ್ ಪ್ಲೇಟಿನದ್ದು. ಹಬ್ಬದ ಪುರವಣಿಗೆ ಶೋರೂಮುಗಳಿಂದ ಜಾಹೀರಾತು ತರಬೇಕಾದವರೂ ನಾವೇ. ಅದರ ಕಮಿಷನ್ನಿನಿಂದಲೇ ಕಂತು ಕಟ್ಟಬೇಕಾದವರೂ ನಾವೇ. ಗಾಡಿ ನಿಂತದ್ದಕ್ಕಿಂತ ಇದು ಹೆಚ್ಚು ನೋವಾಯಿತು. ಕಲಿತದ್ದು ಗ್ರಾಮೀಣ ಪತ್ರಿಕೋದ್ಯಮ. ಗ್ರಾಮೀಣರು ಸಾಲ ಮಾಡಿ ತೆಗೆದ ವಸ್ತುವಿನ ಬಗ್ಗೆ ಬರೆಯಲು ನಾಲ್ಕು ಸಾಲು.

ಹಾಗಾಗಿ ಅಲ್ಲಿ ಬರದೆ ಉಳಿದ, ಉಪಯೋಗಕ್ಕೆ ಬರುವ ಮಾತನ್ನು ಇಲ್ಲಿ ಬರೆಯುತ್ತೇವೆ.

ಗಾಡಿ ಬಿಟ್ಟ ದಿನವೇ ಜಾಬ್ ಕಾರ್ಡ್ ಕೇಳಿ ತೆಗೆದುಕೊಳ್ಳಿ, ತಾರೀಖು ಹಾಕಿಸಿ. 'ಆ್ಯಪಿನಲ್ಲಿ ಉಂಟು' ಎಂದರೆ ಒಪ್ಪಬೇಡಿ. ಗಾಡಿ ರೆಡಿ ಎಂದು ಗುರುತು ಹಾಕಿದ ಮೇಲೆ ಆ್ಯಪಿನಲ್ಲಿ ಹಳೆಯದು ಕಾಣುವುದಿಲ್ಲ ಎಂಬುದು ನಮ್ಮ ಅನುಭವ. ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಮೈಲ್ ಅಥವಾ ವಾಟ್ಸಾಪಿನಲ್ಲಿ ಬರೆದು ಕಳಿಸಿ. 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ನಮ್ಮ ಎರಡನೇ ಕಂಟ್ರೋಲರ್ ಹೊರಟದ್ದು ಆ ದೂರು ಕೊಟ್ಟ ನಾಲ್ಕನೇ ದಿನ. ಕಾಕತಾಳೀಯ ಎಂದು ಶೋರೂಮಿನವರು ಹೇಳುತ್ತಾರೆ, ಇರಲಿ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪೆನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು ಹೊಸ ಕಾಯ್ದೆಯ ದೊಡ್ಡ ಉಪಕಾರ. ಕೊಂಡ ಬೆಲೆ ರೂ. 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಎಂದಿಲ್ಲ. ಕಾರಣ ಉಂಟಾದ ಎರಡು ವರ್ಷದೊಳಗೆ ಕೊಡಬೇಕು. ಕಾಪುವಿನ ಗೆಳೆಯ ಕೊಟ್ಟಿದ್ದಾನೆ. ಚಾರ್ಜರ್ ಕೇಳಿ ಕಳಿಸಿದ ಮೈಲ್‌ಗಳೇ ಅವನ ಸಾಕ್ಷಿ. ಬ್ಯಾಟರಿ ಸಾಯಲು ಐದು ತಿಂಗಳು ಬಿಟ್ಟವರು ಯಾರು ಎಂಬುದು ಅದರಲ್ಲಿ ತಾರೀಖು ಸಮೇತ ಉಂಟು.

ತೆಗೆಯಬೇಕೆಂದಿರುವವರಿಗೆ ಬೇಡ ಎಂದು ನಾವು ಹೇಳುವುದಿಲ್ಲ. ಶೋರೂಮಿನ ಮುಂಬಾಗಿಲಿಗಿಂತ ಮೊದಲು ಹಿಂಬಾಗಿಲಿಗೆ, ಸರ್ವಿಸ್ ಜಾಗಕ್ಕೆ ಹೋಗಿ. ಅಲ್ಲಿ ಧೂಳು ಹಿಡಿದು ನಿಂತ ಗಾಡಿಗಳು ಎಷ್ಟಿವೆ, ಎಷ್ಟು ದಿನದಿಂದ ಎಂದು ಆ ಹುಡುಗರನ್ನು ಕೇಳಿ. ಲ್ಯಾಪ್‌ಟಾಪ್ ಇಲ್ಲೇ ಉಂಟಾ ಎಂದು ಕೇಳಿ. ಚಾರ್ಜರ್, ಕಂಟ್ರೋಲರ್, ಡಿಸ್‌ಪ್ಲೇ, ಬ್ರೇಕ್ ಪ್ಯಾಡ್, ಈ ನಾಲ್ಕರಲ್ಲಿ ಇವತ್ತು ಕಪಾಟಿನಲ್ಲಿ ಯಾವುದು ಉಂಟು ಎಂದು ತೋರಿಸಲು ಹೇಳಿ. ಮಳೆಗಾಲಕ್ಕೆ ಮೊದಲು ಕನೆಕ್ಟರ್‌ಗಳನ್ನು ಅವರ ಕೈಯಲ್ಲೇ ತೆಗೆಸಿ ನೋಡಿಸಿ, ನೋಡಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಗಾಡಿ ಕೆಟ್ಟು ನಿಂತರೂ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಅರ್ಧದ ವರೆಗಾದರೂ ಚಾರ್ಜ್ ಮಾಡಿಸಿ. ಶೋರೂಮಿನಲ್ಲಿ ಬಿಟ್ಟಿದ್ದರೆ ಅವರಿಂದಲೇ ಮಾಡಿಸಿ.

ಸರಕಾರದ ಮುಂದೆ ನಮ್ಮ ಬೇಡಿಕೆ ಒಂದೇ. ಈ ಗಾಡಿಗಳನ್ನು ಜನ ತೆಗೆಯಲಿ ಎಂದು ಸಾರ್ವಜನಿಕ ಹಣ ಕೊಡಲಾಗಿದೆ. ಫೇಮ್-2 2024ರ ಮಾರ್ಚಿಗೆ ಮುಗಿದ ಮೇಲೆಯೂ ಪಿಎಂ ಇ-ಡ್ರೈವ್ ಹೆಸರಿನಲ್ಲಿ ಸಬ್ಸಿಡಿ ಮುಂದುವರಿಯಿತು. ಮಾರಿದ ಗಾಡಿಯ ಲೆಕ್ಕಕ್ಕೆ ಸಬ್ಸಿಡಿ ಕೊಡುವಾಗ ಓಡುವ ಗಾಡಿಯ ಲೆಕ್ಕವನ್ನೂ ಕೇಳಲಿ. ಒಂದು ಜಿಲ್ಲೆಯಲ್ಲಿ ಮಾರುವ ಕಂಪೆನಿ ಆ ಜಿಲ್ಲೆಯಲ್ಲಿ ಮುಖ್ಯ ಬಿಡಿಭಾಗಗಳನ್ನು ಇಡಬೇಕು. ಇಂತಿಷ್ಟು ದಿನದೊಳಗೆ ರಿಪೇರಿ ಆಗದಿದ್ದರೆ ಬದಲಿ ಗಾಡಿ ಕೊಡಬೇಕು, ಇಲ್ಲವೇ ಕಂತಿನ ಹಣ ತುಂಬಬೇಕು. ಸರಕಾರಿ ಐಟಿಐಗಳಲ್ಲಿ ಎಲೆಕ್ಟ್ರಿಕ್ ವಾಹನದ ಮೆಕ್ಯಾನಿಕ್ ತರಬೇತಿ ಈಗ ಬಂದಿದೆ. ಅಲ್ಲಿ ಕಲಿತು ಬರುವ ಹುಡುಗ ಹುಡುಗಿಯರು ಊರಿನಲ್ಲಿ ಗ್ಯಾರೇಜು ಹಾಕಬೇಕಾದರೆ ಅವರ ಕೈಗೂ ಆ ಸಾಫ್ಟ್‌ವೇರ್, ಆ ಪಾರ್ಟ್ ಬೆಲೆ ಕೊಟ್ಟರೆ ಸಿಗುವಂತಾಗಬೇಕು. ರೂ. 150 ಕೂಲಿಗೆ ಮೂರು ವಾರದ ಸಮಸ್ಯೆ ಬಿಡಿಸಿದ ಕಾರ್ಕಳದ ಮೆಕ್ಯಾನಿಕ್ ವಾರಂಟಿ ಕೆಡಿಸಿದವನು ಎಂದು ಕರೆಸಿಕೊಳ್ಳಬಾರದು.

ನಮ್ಮ ಹತ್ತಿರ ಹನ್ನೊಂದು ಗಾಡಿಗಳ ಜಾಬ್ ಕಾರ್ಡುಗಳಿವೆ, ಬಿಟ್ಟ ತಾರೀಖು, ಸಿಕ್ಕಿದ ತಾರೀಖು ಸಮೇತ. ಶಿವಮೊಗ್ಗ, ಹಾವೇರಿ, ರಾಯಚೂರು, ಕಾಸರಗೋಡಿನಲ್ಲಿ ಇರುವ ನಮ್ಮವರು ತಮ್ಮ ಊರಿನದ್ದನ್ನು ಸೇರಿಸಿದರೆ ನಾಲ್ಕು ಸಾಲಿಗೆ ಇಳಿಸಲಾಗದಷ್ಟು ದೊಡ್ಡ ವರದಿ ಆಗುತ್ತದೆ. ತಾರೀಖು ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ.